ಕಲ್ಲುದಾರಿಯಿಂದ ‘ಸ್ಟೈನ್‌ವೇ’ವರೆಗೆ: ಅಡುಗೆಮನೆಯಲ್ಲಿ ಪಿಯಾನೊ ಮಾಡಿದ ಬಡಗಿಯ ಹೆಸರು ಸಾಗರ ದಾಟಿದ ಕಥೆ

ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ‘ಸ್ಟೈನ್‌ವೇ’ ಎಂಬ ಹೆಸರನ್ನು ಎಲ್ಲೋ ಒಂದು ಕಡೆ ಕೇಳಿರುತ್ತಾರೆ. ದೊಡ್ಡ ಸಂಗೀತ ಸಭಾಂಗಣಗಳ ವೇದಿಕೆ ಮೇಲೆ ನಿಂತ ಕಪ್ಪು ಪಿಯಾನೊದ ಪಕ್ಕದಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಹೊಳೆಯುವ ಹೆಸರು ಅದು. ಆದರೆ ಇದು ಹುಟ್ಟಿದಾಗಿನ ಹೆಸರಲ್ಲ. ಮೂಲದಲ್ಲಿ ಅದು ‘ಸ್ಟೈನ್‌ವೇಗ್’. ಕನ್ನಡದಲ್ಲಿ ಬರೆದರೆ ಕೊನೆಯ ಒಂದೇ ಒಂದು ಅಕ್ಷರ ಉದುರಿದಂತೆ ಕಾಣುತ್ತದೆ. ಆ ಒಂದು ಅಕ್ಷರದ ಹಿಂದೆ ಒಂದು ಸಾಗರ ಪ್ರಯಾಣ, ಎರಡು ದೇಶಗಳಲ್ಲಿ ಹಂಚಿಹೋದ ಒಂದು ಕುಟುಂಬ ಮತ್ತು ನೂರು ವರ್ಷಗಳ ನಂತರ ಕೋರ್ಟ್ ಮೆಟ್ಟಿಲೇರಿದ ಒಂದು ವ್ಯಾಜ್ಯ ಇದೆ.

ಆ ಹೆಸರಿನ ಯಜಮಾನ ಹೈನ್ರಿಶ್ ಎಂಗೆಲ್‌ಹಾರ್ಟ್ ಸ್ಟೈನ್‌ವೇಗ್. ಸಾಯುವಾಗ ಅವರ ಹೆಸರು ಹೆನ್ರಿ ಸ್ಟೈನ್‌ವೇ.

ಹೆಸರಿನ ಅರ್ಥ ಏನು?

ಜರ್ಮನ್ ಭಾಷೆಯಲ್ಲಿ ‘ಸ್ಟೈನ್’ ಎಂದರೆ ಕಲ್ಲು. ವಿಜ್ಞಾನಿ ಐನ್‌ಸ್ಟೈನ್ ಹೆಸರಿನಲ್ಲಿ ಇರುವುದೂ ಇದೇ ಪದ. ‘ವೇಗ್’ ಎಂದರೆ ದಾರಿ. ಎರಡೂ ಸೇರಿದರೆ ಕಲ್ಲುದಾರಿ.

ಜರ್ಮನ್ ಅಡ್ಡಹೆಸರುಗಳು ಹೆಚ್ಚಾಗಿ ಮಧ್ಯಯುಗದಲ್ಲಿ ನೆಲೆಯೂರಿದವು. ಒಂದೇ ಊರಲ್ಲಿ ನಾಲ್ಕಾರು ಮಂದಿ ಹೈನ್ರಿಶ್‌ಗಳು, ಯೋಹಾನ್‌ಗಳು ಇದ್ದಾಗ ಯಾರು ಯಾರೆಂದು ಗುರುತಿಸಲು ಇನ್ನೊಂದು ಹೆಸರು ಬೇಕಾಯಿತು. ಕೆಲವರಿಗೆ ಕಸುಬೇ ಹೆಸರಾಯಿತು: ಷ್ಮಿಟ್ ಎಂದರೆ ಕಮ್ಮಾರ, ಮ್ಯುಲರ್ ಎಂದರೆ ಹಿಟ್ಟಿನ ಗಿರಣಿಯವನು. ಕೆಲವರಿಗೆ ಮೈಬಣ್ಣ, ಎತ್ತರ, ಗುಣ ಹೆಸರಾಯಿತು. ಇನ್ನು ಕೆಲವರಿಗೆ ಮನೆ ಇದ್ದ ಜಾಗವೇ ಹೆಸರಾಯಿತು. ಮಳೆ ಬಂದರೆ ದಾರಿಗಳೆಲ್ಲ ಕೆಸರಾಗುತ್ತಿದ್ದ ಕಾಲದಲ್ಲಿ ಕಲ್ಲು ಹಾಸಿದ ರಸ್ತೆ ಎಂದರೆ ಎಲ್ಲರಿಗೂ ಗೊತ್ತಿರುವ ಗುರುತು. ಸ್ಟೈನ್‌ವೇಗ್ ಎಂಬುದು ಅಂಥ ದಾರಿಯ ಬದಿಯಲ್ಲಿ ವಾಸವಿದ್ದವರಿಗೆ ಅಂಟಿಕೊಳ್ಳುವ ಹೆಸರು.

ಹಾರ್ಜ್ ಬೆಟ್ಟದ ಅನಾಥ ಹುಡುಗ

ಹೈನ್ರಿಶ್ ಹುಟ್ಟಿದ್ದು 1797ರ ಫೆಬ್ರವರಿ 15ರಂದು, ಉತ್ತರ ಜರ್ಮನಿಯ ಹಾರ್ಜ್ ಬೆಟ್ಟಸಾಲಿನ ವೋಲ್ಫ್ಸ್‌ಹಾಗೆನ್ ಎಂಬ ಹಳ್ಳಿಯಲ್ಲಿ. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಹಲವಾರು ಸಣ್ಣಪುಟ್ಟ ಸಂಸ್ಥಾನಗಳಿದ್ದವು. ಈ ಹಳ್ಳಿ ಇದ್ದದ್ದು ಬ್ರೌನ್‌ಶ್ವೈಗ್ ಸಂಸ್ಥಾನದಲ್ಲಿ. ಅವರ ಬಾಲ್ಯದಲ್ಲೇ ನೆಪೋಲಿಯನ್ ಯುದ್ಧಗಳು ಆ ಸೀಮೆಯನ್ನು ನುಜ್ಜುಗುಜ್ಜು ಮಾಡಿದವು.

ಹೈನ್ರಿಶ್ ಹದಿಹರೆಯದಲ್ಲೇ ಅನಾಥನಾದ. ಕಾಡಿನಲ್ಲಿ ಬಿರುಗಾಳಿ ಮಳೆಗೆ ಸಿಕ್ಕಿ ಗುಡಿಸಲೊಂದರಲ್ಲಿ ಆಶ್ರಯ ಪಡೆದಿದ್ದಾಗ ಸಿಡಿಲು ಬಡಿದು ತಂದೆ ಮತ್ತು ಅಣ್ಣಂದಿರು ಸತ್ತರು, ಇವನೊಬ್ಬ ಉಳಿದ ಎಂಬ ಕಥೆ ಆ ಮನೆತನದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ದಿಕ್ಕಿಲ್ಲದ ಹುಡುಗ ಬ್ರೌನ್‌ಶ್ವೈಗ್ ಸೇನೆ ಸೇರಿದ. ಸೇನೆಯಿಂದ ಹೊರಬಂದ ಮೇಲೆ ಮರಗೆಲಸ ಕೈಹಿಡಿಯಿತು. ಹತ್ತಿರದ ಜೇಸನ್ ಪಟ್ಟಣದಲ್ಲಿ ನೆಲೆಸಿ, 1825ರಲ್ಲಿ ಯೂಲಿಯಾನೆ ಟೀಮರ್ ಅವರನ್ನು ಮದುವೆಯಾದ.

ಬಡಗಿ ಕೆಲಸ ಹೊಟ್ಟೆ ತುಂಬಿಸುತ್ತಿತ್ತು. ಆದರೆ ಮನಸ್ಸು ಇದ್ದದ್ದು ವಾದ್ಯಗಳ ಮೇಲೆ. 1836ರಲ್ಲಿ ಜೇಸನ್‌ನ ತಮ್ಮ ಮನೆಯ ಅಡುಗೆಮನೆಯಲ್ಲೇ ಹೈನ್ರಿಶ್ ಒಂದು ಗ್ರ್ಯಾಂಡ್ ಪಿಯಾನೊ ತಯಾರಿಸಿದರು. ಇಂದಿಗೂ ಅದನ್ನು ‘ಅಡುಗೆಮನೆ ಪಿಯಾನೊ’ ಎಂದೇ ಕರೆಯುತ್ತಾರೆ. 1839ರಲ್ಲಿ ಬ್ರೌನ್‌ಶ್ವೈಗ್‌ನ ವಸ್ತುಪ್ರದರ್ಶನದಲ್ಲಿ ಅವರ ಪಿಯಾನೊಗಳಿಗೆ ಬಹುಮಾನ ಬಂತು. ಜರ್ಮನಿಯಲ್ಲಿ ಇದ್ದಷ್ಟು ವರ್ಷಗಳಲ್ಲಿ ಅವರು ತಯಾರಿಸಿದ ಪಿಯಾನೊಗಳ ಸಂಖ್ಯೆ 482.

ಊರು ಬಿಟ್ಟಿದ್ದೇಕೆ?

ಇಷ್ಟೆಲ್ಲ ಹೆಸರು ಮಾಡಿದ ಮೇಲೂ ಊರು ಬಿಡುವ ಪರಿಸ್ಥಿತಿ ಬಂತು. ಸಂಸ್ಥಾನಗಳ ಗಡಿಗಳಲ್ಲಿ ಸುಂಕದ ಕಟ್ಟೆಗಳಿದ್ದವು. ಜೇಸನ್‌ನಂಥ ಸಣ್ಣ ಪಟ್ಟಣದಿಂದ ಪಕ್ಕದ ಸಂಸ್ಥಾನಕ್ಕೆ ಒಂದು ಪಿಯಾನೊ ಮಾರುವುದೂ ದುಬಾರಿಯಾಗಿತ್ತು. 1848ರ ಕ್ರಾಂತಿ ವಿಫಲವಾದ ಮೇಲೆ ರಾಜಕೀಯ ವಾತಾವರಣವೂ ಬಿಗಡಾಯಿಸಿತು. 1849ರಲ್ಲಿ ಎರಡನೆಯ ಮಗ ಕಾರ್ಲ್ ಮೊದಲು ಅಮೆರಿಕಕ್ಕೆ ಹೋದ. ಅಲ್ಲಿ ಕೆಲಸ ಸಿಗುತ್ತದೆ ಎಂದು ಅವನಿಂದ ಗೊತ್ತಾದ ಮೇಲೆ, 1850ರಲ್ಲಿ ಉಳಿದವರು ಹ್ಯಾಂಬರ್ಗ್‌ನಿಂದ ‘ಹೆಲೆನ್ ಸ್ಲೊಮನ್’ ಎಂಬ ಉಗಿಹಡಗು ಹತ್ತಿದರು.

ಹೈನ್ರಿಶ್‌ಗೆ ಆಗ 53 ವರ್ಷ. ಹೊಸ ದೇಶ, ಹೊಸ ಭಾಷೆಯ ನಡುವೆ ಮೊದಲಿನಿಂದ ಬದುಕು ಕಟ್ಟುವ ವಯಸ್ಸಲ್ಲ ಅದು. ಕುಟುಂಬ ಹತ್ತಿದ ಆ ಹಡಗು ಕೂಡ ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು.

ಹಿರಿಯ ಮಗ ಥಿಯೋಡೋರ್ ಮಾತ್ರ ಹಡಗು ಹತ್ತಲಿಲ್ಲ. ಜರ್ಮನಿಯಲ್ಲಿನ ವ್ಯವಹಾರ ನೋಡಿಕೊಳ್ಳಲು ಅಲ್ಲೇ ಉಳಿದ. ಮುಂದೆ ಹೆಸರು ಎರಡಾಗಲು ಇದೇ ಮೂಲ.

‘ಗ್’ ಉದುರಿದ್ದು ಯಾವಾಗ?

ಅಮೆರಿಕಕ್ಕೆ ಬಂದವರ ಹೆಸರುಗಳನ್ನು ಬಂದರಿನ ಅಧಿಕಾರಿಗಳು ಬಾಯಿಗೆ ಬಂದಂತೆ ಬರೆದು ಬದಲಾಯಿಸಿಬಿಟ್ಟರು ಎಂಬ ಮಾತು ಬಹಳ ಪ್ರಚಲಿತ. ಅದಕ್ಕೆ ಎಲ್ಲಿಸ್ ದ್ವೀಪವನ್ನು ದೂರುವುದು ವಾಡಿಕೆ. ಆದರೆ ಎಲ್ಲಿಸ್ ದ್ವೀಪದ ವಲಸೆ ಕಚೇರಿ ಆರಂಭವಾಗಿದ್ದೇ 1892ರಲ್ಲಿ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹಡಗಿನ ಕಡೆಯಿಂದ. ಅಮೆರಿಕದ ಅಧಿಕಾರಿಗಳು ಆ ಪಟ್ಟಿಯನ್ನು ತಾಳೆ ನೋಡುತ್ತಿದ್ದರು ಅಷ್ಟೇ. ಬಹುತೇಕ ಹೆಸರುಗಳು ಬದಲಾದದ್ದು ನಂತರ, ಅಂಗಡಿ, ಶಾಲೆ, ಕಾರ್ಖಾನೆಗಳಲ್ಲಿ, ಹೆಸರಿನ ಮಾಲೀಕರ ಒಪ್ಪಿಗೆಯಿಂದಲೇ.

ಸ್ಟೈನ್‌ವೇಗ್ ಕುಟುಂಬದಲ್ಲಿ ಆದದ್ದೂ ಅದೇ. ಮೊದಲ ಮೂರು ವರ್ಷ ತಂದೆ ಮಕ್ಕಳು ನ್ಯೂಯಾರ್ಕ್‌ನ ಬೇರೆ ಬೇರೆ ಪಿಯಾನೊ ತಯಾರಕರ ಬಳಿ ಕೂಲಿಗೆ ದುಡಿದು ಅಲ್ಲಿನ ಮಾರುಕಟ್ಟೆಯನ್ನು ಅರಿತುಕೊಂಡರು. 1853ರ ಮಾರ್ಚ್ 5ರಂದು ಮ್ಯಾನ್‌ಹ್ಯಾಟನ್‌ನ ವ್ಯಾರಿಕ್ ಸ್ಟ್ರೀಟ್‌ನಲ್ಲಿ ಸ್ವಂತ ಕಂಪನಿ ಶುರು ಮಾಡಿದಾಗ ಬೋರ್ಡಿನ ಮೇಲೆ ಹಾಕಿದ್ದು ‘ಸ್ಟೈನ್‌ವೇ ಆ್ಯಂಡ್ ಸನ್ಸ್’ ಎಂದು. ಆ ಕಾಲದಲ್ಲಿ ಇಂಗ್ಲೆಂಡಿನ ಪಿಯಾನೊಗಳಿಗೆ ದೊಡ್ಡ ಹೆಸರಿತ್ತು. ಇಂಗ್ಲಿಷ್‌ನಂತೆ ಕೇಳಿಸುವ ಹೆಸರು ವ್ಯಾಪಾರಕ್ಕೆ ಒಳ್ಳೆಯದು ಎಂಬ ಲೆಕ್ಕಾಚಾರ ಸರಳವಾಗಿತ್ತು. ಕುಟುಂಬದ ಹೆಸರು ಅಧಿಕೃತವಾಗಿ ಬದಲಾದದ್ದು ಮಾತ್ರ 1864ರಲ್ಲಿ. ಹೈನ್ರಿಶ್ ಹೆನ್ರಿಯಾದರು, ಕಾರ್ಲ್ ಚಾರ್ಲ್ಸ್ ಆದರು, ವಿಲ್ಹೆಲ್ಮ್ ವಿಲಿಯಂ ಆದರು.

ಅಮೆರಿಕದಲ್ಲಿ ಷ್ಮಿಟ್‌ಗಳು ಸ್ಮಿತ್ ಆಗಿದ್ದರು, ಮ್ಯುಲರ್‌ಗಳು ಮಿಲ್ಲರ್ ಆಗಿದ್ದರು. ಇವರದು ಸ್ವಲ್ಪ ಭಿನ್ನ. ಪೂರ್ತಿ ಅನುವಾದ ಮಾಡಿದ್ದರೆ ‘ಸ್ಟೋನ್‌ವೇ’ ಆಗಬೇಕಿತ್ತು. ಆದರೆ ಕಲ್ಲನ್ನು ಜರ್ಮನ್‌ನಲ್ಲೇ ಉಳಿಸಿ, ದಾರಿಯನ್ನು ಮಾತ್ರ ಇಂಗ್ಲಿಷ್‌ಗೆ ತಂದರು.

ಇನ್ನೊಂದನ್ನೂ ಅವರು ಬಿಡಲಿಲ್ಲ. ನ್ಯೂಯಾರ್ಕ್‌ನಲ್ಲಿ ಹೊಸ ಕಂಪನಿಯ ಮೊದಲ ಪಿಯಾನೊಗೆ ಕೊಟ್ಟ ಸಂಖ್ಯೆ 1 ಅಲ್ಲ, 483. ಹೆಸರು ಬದಲಾದರೂ ಜೇಸನ್‌ನ ಅಡುಗೆಮನೆಯಿಂದ ಶುರುವಾದ ಲೆಕ್ಕ ಮುಂದುವರಿಯಿತು. 500 ಡಾಲರ್‌ಗೆ ಮಾರಾಟವಾದ ಆ ಪಿಯಾನೊ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಏಳಿಗೆ ಮತ್ತು 1865ರ ಆಘಾತ

ಬೆಳವಣಿಗೆ ವೇಗವಾಗಿತ್ತು. 1859ರಲ್ಲಿ ಮಗ ಹೆನ್ರಿ ಜೂನಿಯರ್ ಗ್ರ್ಯಾಂಡ್ ಪಿಯಾನೊದಲ್ಲಿ ಮಂದ್ರ ಸ್ವರಗಳ ತಂತಿಗಳನ್ನು ಉಳಿದ ತಂತಿಗಳ ಮೇಲೆ ಅಡ್ಡಲಾಗಿ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇದರಿಂದ ಪೆಟ್ಟಿಗೆಯ ಉದ್ದ ಹೆಚ್ಚಿಸದೆಯೇ ಉದ್ದನೆಯ ತಂತಿ ಕೂರಿಸಬಹುದಾಯಿತು, ನಾದ ತುಂಬಿಕೊಂಡಿತು. ಎರಕದ ಕಬ್ಬಿಣದ ಚೌಕಟ್ಟಿನೊಂದಿಗೆ ಸೇರಿ ಇದೇ ಇಂದಿನ ಗ್ರ್ಯಾಂಡ್ ಪಿಯಾನೊದ ಮಾದರಿಯಾಯಿತು.

ಆದರೆ 1865ರ ಮಾರ್ಚ್ ತಿಂಗಳು ಹೆನ್ರಿ ಸ್ಟೈನ್‌ವೇ ಪಾಲಿಗೆ ಕರಾಳವಾಯಿತು. ಹೆನ್ರಿ ಜೂನಿಯರ್ ಕ್ಷಯದಿಂದ ತೀರಿಕೊಂಡರು. ಅದೇ ತಿಂಗಳ ಕೊನೆಗೆ, ಜರ್ಮನಿಗೆ ಹೋಗಿದ್ದ ಚಾರ್ಲ್ಸ್ ಟೈಫಾಯ್ಡ್‌ಗೆ ಬಲಿಯಾದರು. ಅಮೆರಿಕಕ್ಕೆ ಮೊದಲು ದಾರಿ ತೋರಿದ ಮಗ ಕೊನೆಯುಸಿರೆಳೆದದ್ದು ಹಳೆಯ ನಾಡಿನ ಬ್ರೌನ್‌ಶ್ವೈಗ್‌ನಲ್ಲಿ. ಮೂರೇ ವಾರಗಳ ಅಂತರದಲ್ಲಿ 68 ವರ್ಷದ ತಂದೆ ಇಬ್ಬರು ಮಕ್ಕಳನ್ನು ಕಳೆದುಕೊಂಡರು.

ಕಾರ್ಖಾನೆ ಉಳಿಯಬೇಕಾದರೆ ಥಿಯೋಡೋರ್ ಬರಲೇಬೇಕಿತ್ತು. ಅವರು ಅಷ್ಟರಲ್ಲಿ ಗ್ರೋಟ್ರಿಯನ್ ಕುಟುಂಬದೊಂದಿಗೆ ಪಾಲುದಾರಿಕೆಯಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ಸ್ವಂತ ಪಿಯಾನೊ ಉದ್ಯಮ ಕಟ್ಟಿಕೊಂಡಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಗ್ರೋಟ್ರಿಯನ್, ಹೆಲ್ಫರಿಶ್ ಮತ್ತು ಶುಲ್ಜ್ ಎಂಬ ಮೂವರಿಗೆ ಮಾರಿ ನ್ಯೂಯಾರ್ಕ್‌ಗೆ ಹೊರಟರು. ಕೊಂಡವರು ‘ಥಿಯೋಡೋರ್ ಸ್ಟೈನ್‌ವೇಗ್‌ನ ಉತ್ತರಾಧಿಕಾರಿಗಳು’ ಎಂಬ ಹೆಸರಲ್ಲೇ ವ್ಯವಹಾರ ಮುಂದುವರಿಸಿದರು.

ಥಿಯೋಡೋರ್‌ರಿಂದ ಕಂಪನಿಗೆ ವಿಜ್ಞಾನದ ಬಲ ಬಂತು. ಹತ್ತಾರು ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. ಆದರೆ ಅವರಿಗೆ ಅಮೆರಿಕ ಕೊನೆಗೂ ಒಗ್ಗಲಿಲ್ಲ. ಬ್ರೌನ್‌ಶ್ವೈಗ್‌ಗೆ ಮರಳಿ, 1889ರಲ್ಲಿ ಅಲ್ಲೇ ತೀರಿಕೊಂಡರು.

ಬಡಗಿಯ ಕೊನೆಯ ವರ್ಷಗಳು

1866ರಲ್ಲಿ ನ್ಯೂಯಾರ್ಕ್‌ನ 14ನೇ ಸ್ಟ್ರೀಟ್‌ನಲ್ಲಿ ಸ್ಟೈನ್‌ವೇ ಹಾಲ್ ಎದ್ದುನಿಂತಿತು. ಕಾರ್ನೆಗಿ ಹಾಲ್ ಬರುವವರೆಗೂ ಆ ನಗರದ ಸಂಗೀತಕ್ಕೆ ಅದೇ ಮುಖ್ಯ ನೆಲೆ. 1867ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಯುರೋಪಿನಿಂದ ಕೆಲಸ ಹುಡುಕಿಕೊಂಡು ಹೋದವರ ಪಿಯಾನೊಗೆ ಯುರೋಪೇ ತಲೆದೂಗಿತು.

1871ರ ಫೆಬ್ರವರಿ 7ರಂದು, 74ನೇ ಹುಟ್ಟುಹಬ್ಬಕ್ಕೆ ಎಂಟು ದಿನ ಇರುವಾಗ ಹೆನ್ರಿ ಸ್ಟೈನ್‌ವೇ ನಿಧನರಾದರು. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಕುಟುಂಬದ ಸಮಾಧಿ ಇದೆ.

ಮಗ ವಿಲಿಯಂ ಕ್ವೀನ್ಸ್‌ನ ಅಸ್ಟೋರಿಯಾ ಬಳಿ ಜಮೀನು ಕೊಂಡು ಕಾರ್ಖಾನೆಯ ಜೊತೆಗೆ ಒಂದು ಊರನ್ನೇ ಕಟ್ಟಿದರು. ಕಾರ್ಮಿಕರಿಗೆ ಮನೆಗಳು, ಶಾಲೆ, ಚರ್ಚ್, ಅಂಚೆ ಕಚೇರಿ ಎಲ್ಲವೂ ಬಂದವು. ಅಸ್ಟೋರಿಯಾ ಎಂಬ ಹೆಸರೂ ಜರ್ಮನಿಯಿಂದ ವಲಸೆ ಬಂದು ಕೋಟ್ಯಧಿಪತಿಯಾದ ಜಾನ್ ಜೇಕಬ್ ಆಸ್ಟರ್ ಅವರದ್ದೇ. 1880ರಲ್ಲಿ ಕಂಪನಿ ಹ್ಯಾಂಬರ್ಗ್‌ನಲ್ಲಿ ಎರಡನೇ ಕಾರ್ಖಾನೆ ತೆರೆಯಿತು. ಮೂವತ್ತು ವರ್ಷಗಳ ಹಿಂದೆ ಸ್ಟೈನ್‌ವೇಗ್ ಆಗಿ ಹಡಗು ಹತ್ತಿದ್ದ ಬಂದರಿಗೆ ಹೆಸರು ‘ಸ್ಟೈನ್‌ವೇ’ ಆಗಿ ಮರಳಿತು.

ಎರಡನೇ ಮಹಾಯುದ್ಧದಲ್ಲಿ ಈ ಹೆಸರು ವಿಚಿತ್ರ ಸಂಕಟಕ್ಕೆ ಸಿಕ್ಕಿತು. ನ್ಯೂಯಾರ್ಕ್‌ನ ಕಾರ್ಖಾನೆ ಅಮೆರಿಕದ ಸೇನೆಗೆ ಗ್ಲೈಡರ್ ವಿಮಾನಗಳ ಮರದ ಭಾಗಗಳನ್ನು ಮಾಡಿಕೊಟ್ಟಿತು. ಅದೇ ಹೊತ್ತಿಗೆ ಹ್ಯಾಂಬರ್ಗ್ ಕಾರ್ಖಾನೆಯನ್ನು ಜರ್ಮನ್ ಸರ್ಕಾರ ಶತ್ರು ದೇಶದ ಆಸ್ತಿ ಎಂದು ಪರಿಗಣಿಸಿತು. ಜರ್ಮನ್ ಬಡಗಿಯ ಹೆಸರು ಜರ್ಮನಿಯಲ್ಲೇ ಪರದೇಶಿಯಾಯಿತು.

ಹೆಸರು ಯಾರದ್ದು? ಕೋರ್ಟ್ ಹೇಳಿದ್ದೇನು?

ಇತ್ತ ಬ್ರೌನ್‌ಶ್ವೈಗ್‌ನಲ್ಲಿ ಸ್ಟೈನ್‌ವೇಗ್ ಹೆಸರು ಜೀವಂತವಾಗಿತ್ತು. 1919ರಲ್ಲಿ ಗ್ರೋಟ್ರಿಯನ್ ಕುಟುಂಬ ತನ್ನ ಅಡ್ಡಹೆಸರನ್ನೇ ಕಾನೂನುಬದ್ಧವಾಗಿ ‘ಗ್ರೋಟ್ರಿಯನ್-ಸ್ಟೈನ್‌ವೇಗ್’ ಎಂದು ಬದಲಿಸಿಕೊಂಡಿತು. ಅಲ್ಲಿಗೆ ಸ್ಥಿತಿ ಹೀಗಾಯಿತು: ಸ್ಟೈನ್‌ವೇಗ್ ವಂಶದವರಿಗೆ ಆ ಹೆಸರಿಲ್ಲ, ಹೆಸರಿದ್ದವರು ಆ ವಂಶದವರಲ್ಲ.

ಗ್ರೋಟ್ರಿಯನ್-ಸ್ಟೈನ್‌ವೇಗ್ ಪಿಯಾನೊಗಳು ಅಮೆರಿಕದ ಮಾರುಕಟ್ಟೆಗೆ ಬಂದಾಗ ವ್ಯಾಜ್ಯ ಹುಟ್ಟಿತು. ಪ್ರಕರಣ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್‌ಗೆ ಹೋಗಿ, 1975ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸ್ಟೈನ್‌ವೇ ಕಂಪನಿ ಗೆದ್ದಿತು. ಪಿಯಾನೊ ಕೊಳ್ಳುವವರು ದುಡ್ಡು ಕೊಡುವ ಹೊತ್ತಿಗೆ ಎರಡರ ವ್ಯತ್ಯಾಸ ತಿಳಿದಿರಬಹುದು, ಆದರೆ ಸ್ಟೈನ್‌ವೇಗ್ ಎಂಬ ಹೆಸರು ಕೇಳಿ ಮೊದಲಿಗೆ ಅತ್ತ ಸೆಳೆಯಲ್ಪಡುತ್ತಾರೆ, ಅದೂ ಗೊಂದಲವೇ ಎಂಬುದು ತೀರ್ಪಿನ ತಿರುಳು. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಈ ತೀರ್ಪು ಇಂದಿಗೂ ಉಲ್ಲೇಖವಾಗುತ್ತದೆ. ಅಂದರೆ, ಹೆನ್ರಿ ಸ್ಟೈನ್‌ವೇ ಹುಟ್ಟಿದಾಗಿನ ಹೆಸರನ್ನು ಅವರೇ ಆರಿಸಿಕೊಂಡ ಹೆಸರು ಅಮೆರಿಕದ ಪಿಯಾನೊ ಮಾರುಕಟ್ಟೆಯಿಂದ ಹೊರಗಿಟ್ಟಿತು.

ಇನ್ನೊಂದು ವಿಪರ್ಯಾಸವೂ ಇದೆ. ಈ ತೀರ್ಪು ಬರುವ ಹೊತ್ತಿಗೆ ಕಂಪನಿ ಸ್ಟೈನ್‌ವೇ ಕುಟುಂಬದ ಕೈಯಲ್ಲಿ ಇರಲಿಲ್ಲ. 1972ರಲ್ಲೇ ಅದನ್ನು ಸಿಬಿಎಸ್ ಸಂಸ್ಥೆ ಕೊಂಡಿತ್ತು. ಆಮೇಲೂ ಹಲವು ಬಾರಿ ಕೈ ಬದಲಾಗಿದೆ. ಮಾಲೀಕರು ಯಾರೇ ಬಂದರೂ ಪಿಯಾನೊ ಮೇಲಿನ ಹೆಸರನ್ನು ಮುಟ್ಟಿಲ್ಲ.

ಇಂದು ಕ್ವೀನ್ಸ್‌ನಲ್ಲಿ ‘ಸ್ಟೈನ್‌ವೇ ಸ್ಟ್ರೀಟ್’ ಎಂಬ ಜನನಿಬಿಡ ರಸ್ತೆ ಇದೆ, ಅದೇ ಹೆಸರಿನ ಸಬ್‌ವೇ ನಿಲ್ದಾಣವೂ ಇದೆ. ಆ ರಸ್ತೆಯ ಒಂದು ಭಾಗ ಈಗ ಈಜಿಪ್ಟ್ ಮತ್ತಿತರ ಅರಬ್ ದೇಶಗಳಿಂದ ಬಂದವರ ಅಂಗಡಿ, ಹೋಟೆಲ್‌ಗಳಿಂದ ತುಂಬಿದೆ. ಹೊಸ ವಲಸಿಗರು ತಮ್ಮ ತಮ್ಮ ಹೆಸರಿನ ಬೋರ್ಡುಗಳನ್ನು ಅಲ್ಲಿ ನೇತುಹಾಕಿದ್ದಾರೆ. ಜರ್ಮನ್ ಬಲ್ಲ ಯಾರಾದರೂ ಆ ರಸ್ತೆಯ ಫಲಕ ಓದಿದರೆ ನಗು ಬಂದೀತು. ಕನ್ನಡದಲ್ಲಿ ಹೇಳುವುದಾದರೆ ಅದು ‘ಕಲ್ಲುದಾರಿ ರಸ್ತೆ’.