ಲಸಿಕೆಗೆ ಲೆಕ್ಕವಿಟ್ಟ ಹಾಫ್‌ಕಿನ್

ವಾಲ್ಡೆಮಾರ್ ಹಾಫ್‌ಕಿನ್ ಅವರ ಹೆಸರನ್ನು ಕಾಲರಾ ಮತ್ತು ಪ್ಲೇಗ್ ಲಸಿಕೆಗಳ ಜೊತೆ ನಮ್ಮ ವಿದ್ಯಾರ್ಥಿಗಳು ಓದಿರಬಹುದು. ಆದರೆ ಲಸಿಕೆ ತಯಾರಿಸಿದ್ದು ಅವರ ಅರ್ಧ ಕೆಲಸ ಮಾತ್ರ. ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದನ್ನು ಲೆಕ್ಕದ ಮೂಲಕ ತೋರಿಸಲು ಪಟ್ಟ ಪಾಡು ಉಳಿದರ್ಧ. ಪರ್ಕಳದ ಮಗ್ಗುಲಲ್ಲೇ ಇರುವ ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಸಂಖ್ಯಾಶಾಸ್ತ್ರವನ್ನು ಓದಬಯಸುವವರು ಈ ಎರಡನೆಯ ಅರ್ಧವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹಾಫ್‌ಕಿನ್ 1860ರಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಅವರ ಶಿಷ್ಯರಾಗಿ ಪ್ರಾಣಿಶಾಸ್ತ್ರ ಓದಿದರು. ಮತ ಬದಲಿಸಿದ್ದರೆ ಅಲ್ಲೇ ಹುದ್ದೆ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. ದೇಶ ಬಿಟ್ಟು ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಅಲ್ಲಿ ಮೊದಲು ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ! 1892ರ ಜುಲೈಯಲ್ಲಿ ತಾವೇ ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಗೆ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು.

ಇಲ್ಲಿ ಸಾವಿರಾರು ಜನರಿಗೆ ಲಸಿಕೆ ಕೊಟ್ಟರು. ಆದರೆ ಲಸಿಕೆ ಪಡೆದವನಿಗೆ ಕಾಲರಾ ಬರಲಿಲ್ಲವೆಂದರೆ ಅದು ಲಸಿಕೆಯ ಗುಣವೇ, ಇಲ್ಲ ಆ ವರ್ಷ ಆ ಊರಿಗೆ ರೋಗವೇ ಬರಲಿಲ್ಲವೇ? ಉತ್ತರ ಬೇಕಾದರೆ ಅದೇ ಊರಿನ, ಅದೇ ನೀರು ಕುಡಿಯುವ, ಲಸಿಕೆ ಪಡೆಯದ ಜನರನ್ನೂ ಎಣಿಸಬೇಕು. 1894ರಲ್ಲಿ ಕಲ್ಕತ್ತದ ಕೊಳೆಗೇರಿಗಳಲ್ಲಿ ಅವರಿಗೆ ಆ ಅವಕಾಶ ದೊರೆಯಿತು. ಒಂದು ಬಸ್ತಿಯಲ್ಲಿದ್ದ ಸುಮಾರು 200 ಮಂದಿಯಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆ ಬಳಿಕ ಅಲ್ಲಿ ಕಾಲರಾ ತಗಲಿದ್ದು ಲಸಿಕೆ ಪಡೆಯದವರಿಗೆ ಮಾತ್ರ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ ಮತ್ತು ಪಡಸಾಲೆಯಲ್ಲಿ ಹಾಫ್‌ಕಿನ್ ಕೆಲಸ ಆರಂಭಿಸಿದರು. 1897ರ ಜನವರಿ 10ರಂದು ಹೊಸ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಕೊಂಡರು. ಜನರಿಗೆ ಪ್ಲೇಗಿನಷ್ಟೇ ಭಯ ಸೂಜಿಯ ಮೇಲೂ ಇತ್ತು, ಗಾಳಿಸುದ್ದಿಗಳು ಹಬ್ಬಿದ್ದವು. ಆಗ ಮುಂದೆ ಬಂದವರು ಇಪ್ಪತ್ತರ ಹರೆಯದ ಸರ್ ಸುಲ್ತಾನ್ ಮುಹಮ್ಮದ್ ಶಾ ಆಗಾ ಖಾನ್. ಅವರು ಎಲ್ಲರೆದುರಿಗೆ ಲಸಿಕೆ ಹಾಕಿಸಿಕೊಂಡರು, ಪ್ರಯೋಗಾಲಯಕ್ಕೆ ತಮ್ಮ ಖುಶ್ರು ಲಾಡ್ಜ್ ಕಟ್ಟಡವನ್ನೇ ಬಿಟ್ಟುಕೊಟ್ಟರು. ಅವರನ್ನು ನೋಡಿ ಖೋಜಾ ಸಮುದಾಯದ ಸಾವಿರಾರು ಮಂದಿ ಕೈಯೊಡ್ಡಿದರು. ಮುಂದೆ ಅಲೀಗಢ ವಿಶ್ವವಿದ್ಯಾಲಯಕ್ಕಾಗಿ ದುಡಿದವರೂ ಇದೇ ಆಗಾ ಖಾನ್.

ಹಾಫ್‌ಕಿನ್ ಅವರ ಲೆಕ್ಕಗಳಲ್ಲಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು 1898ರ ಫೆಬ್ರವರಿಯಲ್ಲಿ ಗುಜರಾತಿನ ಉಂಢೇರಾ ಗ್ರಾಮದ್ದು. ಅಲ್ಲಿ ಒಂದೊಂದು ಕುಟುಂಬದಲ್ಲೂ ಕೆಲವರಿಗೆ ಲಸಿಕೆ ಹಾಕಿ ಉಳಿದವರನ್ನು ಹಾಗೆಯೇ ಬಿಡಲಾಯಿತು. ಒಂದೇ ಮಾಡು, ಒಂದೇ ಊಟ, ಒಂದೇ ಇಲಿಗಳು. ಪ್ಲೇಗ್ ತಟ್ಟಿದ 28 ಕುಟುಂಬಗಳಲ್ಲಿ ಲಸಿಕೆ ಪಡೆದವರು 71, ಅವರಲ್ಲಿ ರೋಗ ಬಂದದ್ದು 8 ಮಂದಿಗೆ, ಸತ್ತವರು 3. ಪಡೆಯದವರು 64, ರೋಗ ಬಂದದ್ದು 27 ಮಂದಿಗೆ, ಸತ್ತವರು 26. ಅಂದರೆ ನೂರಕ್ಕೆ 4 ಸಾವು ಒಂದು ಕಡೆ, ನೂರಕ್ಕೆ ಸುಮಾರು 41 ಇನ್ನೊಂದು ಕಡೆ. ಬರೇ 3 ಮತ್ತು 26 ಎಂದು ಹೇಳಿದ್ದರೆ ಅದು ಲೆಕ್ಕವಾಗುತ್ತಿರಲಿಲ್ಲ, 71ರಲ್ಲಿ, 64ರಲ್ಲಿ ಎಂಬುದೇ ಅದರ ಜೀವ. ಇಂದು ಹೀಗೆ ಅರ್ಧ ಜನರನ್ನು ಬಿಡುವುದಕ್ಕೆ ಯಾವ ನೈತಿಕ ಸಮಿತಿಯೂ ಸುಲಭದಲ್ಲಿ ಒಪ್ಪಲಿಕ್ಕಿಲ್ಲ ಎಂಬುದನ್ನೂ ಮರೆಯಬಾರದು.

ಅದೇ ವರ್ಷ ಪ್ಲೇಗ್ ನಮ್ಮ ಹುಬ್ಬಳ್ಳಿಗೂ ಬಂತು. ಅಲ್ಲಿ ಡಾ. ಲ್ಯೂಮನ್ ಅವರ ಮುಂದಾಳುತನದಲ್ಲಿ ಕೆಲವೇ ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಇಲ್ಲಿ ಲೆಕ್ಕ ಉಂಢೇರಾದಷ್ಟು ಸುಲಭವಲ್ಲ. ಇಂದು ಲಸಿಕೆ ಪಡೆಯದವರ ಸಾಲಿನಲ್ಲಿದ್ದವನು ನಾಳೆ ಪಡೆದವರ ಸಾಲಿಗೆ ಹೋಗುತ್ತಾನೆ. ಕೆಲವರು ಊರು ಬಿಟ್ಟು ಹೋಗುತ್ತಾರೆ. ಆದುದರಿಂದ ಪ್ರತಿ ವಾರ ಎರಡೂ ಸಾಲಿನಲ್ಲಿ ಎಷ್ಟು ಮಂದಿ ಇದ್ದರು ಎಂದು ಬೇರೆಬೇರೆ ಗುರುತಿಸಬೇಕಾಗುತ್ತದೆ. ಇಲ್ಲದಿದ್ದರೆ ಲಸಿಕೆಗೆ ಅದರ ಯೋಗ್ಯತೆಗಿಂತ ಹೆಚ್ಚು ಹೊಗಳಿಕೆ ಸಿಗಬಹುದು. ತಾವಾಗಿ ಲಸಿಕೆಗೆ ಬರುವವರು ಸ್ಥಿತಿವಂತರೂ ಜಾಗ್ರತೆಯುಳ್ಳವರೂ ಆಗಿದ್ದರೆ ಮತ್ತೊಂದು ತೊಡಕು. ಸರಕಾರ ನೇಮಿಸಿದ ಪ್ಲೇಗ್ ಆಯೋಗ ಇಂತಹ ಅಂಕಿಅಂಶಗಳಲ್ಲಿ ಕುಂದುಗಳನ್ನು ಎತ್ತಿ ತೋರಿಸಿತು. ಲಸಿಕೆ ಪೂರ್ಣ ರಕ್ಷಣೆ ಕೊಡುವುದಿಲ್ಲ, ಆದರೆ ರೋಗವನ್ನೂ ಸಾವನ್ನೂ ಕಡಿಮೆ ಮಾಡುತ್ತದೆ ಎಂದು ಒಪ್ಪಿಕೊಂಡಿತು. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಟೈಫಾಯ್ಡ್ ಮತ್ತು ಕಾಲರಾ ಲಸಿಕೆಗಳ ಅಂಕಿಗಳನ್ನು ಹಿಡಿದು, ಇಂತಹ ಹೋಲಿಕೆ ಸರಿಯಾಗಬೇಕಾದರೆ ಏನೆಲ್ಲ ಇರಬೇಕು ಎಂದು ಬರೆದರು. ಇಂದಿನ ಲಸಿಕೆ ಪರೀಕ್ಷೆಗಳ ಹಿಂದೆ ಆ ಚಿಂತನೆಯಿದೆ.

ಇಷ್ಟರಲ್ಲಿ ಹಾಫ್‌ಕಿನ್ ಅವರ ಮೇಲೆ ದೊಡ್ಡ ಆಪತ್ತು ಬಂದೆರಗಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಮುಂಬಯಿ ಪ್ರಯೋಗಾಲಯದ್ದೆಂದು ಬಗೆದು ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಇಳಿಸಲಾಯಿತು. ಆದರೆ ಆ 19 ಮಂದಿಗೂ ಮದ್ದು ಬಂದದ್ದು ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಪಡೆದ 88 ಮಂದಿಗೆ ಏನೂ ಆಗಿರಲಿಲ್ಲ. ಆ ಸೀಸೆಯನ್ನು ಹಳ್ಳಿಯಲ್ಲಿ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ ಎಂಬ ಸಾಕ್ಷ್ಯವೂ ಇತ್ತು. ಅಂದರೆ ಇಲ್ಲಿಯೂ ಸತ್ತವರ ಪಕ್ಕದಲ್ಲಿ ಬದುಕುಳಿದವರನ್ನು ಎಣಿಸಬೇಕಿತ್ತು. ಅದಕ್ಕೆ ಐದು ವರ್ಷ ಹಿಡಿಯಿತು. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ನಿಂತ ಮೇಲೆ ಆರೋಪ ತೊಲಗಿತು.

ಮತ್ತೆ ಭಾರತಕ್ಕೆ ಬಂದರೂ ಅವರಿಗೆ ಮುಂಬಯಿಯ ಹಳೆಯ ಸ್ಥಾನ ಸಿಗಲಿಲ್ಲ. ಕಲ್ಕತ್ತದಲ್ಲಿ ಕೆಲವು ವರ್ಷ ದುಡಿದು, 55ರ ಸುಮಾರಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಪರೇಲ್‌ನಲ್ಲಿ ಅವರು ಕಟ್ಟಿದ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ತೀರಿಕೊಂಡರು. ಮದುವೆಯಾಗಿರಲಿಲ್ಲ. ಉಳಿಸಿದ ಹಣವನ್ನು ಪೂರ್ವ ಯುರೋಪಿನ ಯಹೂದಿ ಮಕ್ಕಳ ಧಾರ್ಮಿಕ ಶಾಲೆಗಳಿಗೆ ಬರೆದಿಟ್ಟಿದ್ದರು.