ಹರ್ಮನ್ ಮೊಗ್ಲಿಂಗ್

ಮಂಗಳೂರಿನಿಂದ ಹೊರಟ ದಾರಿಯು ಪುತ್ತೂರು, ಸುಳ್ಯಗಳನ್ನು ಹಾದು, ಸಂಪಾಜೆಯ ಬಳಿ ಘಟ್ಟವನ್ನೇರಿ ಮಡಿಕೇರಿಯನ್ನು ಸೇರುತ್ತದೆ. ಈ ದಾರಿಯ ಒಂದು ತುದಿಯಲ್ಲಿ ಬಳಲಿ, ಮತ್ತೊಂದು ತುದಿಯಲ್ಲಿ ಹೊಸ ಬಾಳನ್ನು ಕಂಡ ಪರದೇಶದ ಮಹನೀಯರೊಬ್ಬರಿದ್ದರು. ಅವರೇ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರಾದ ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ದೈವಶಾಸ್ತ್ರವನ್ನು ವ್ಯಾಸಂಗಮಾಡಿ, ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತ ಧರ್ಮವನ್ನು ಬೋಧಿಸಲು ಬಂದ ಅವರು ಈ ನಾಡಿನ ನುಡಿಯನ್ನು ಶ್ರದ್ಧೆಯಿಂದ ಕಲಿತರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕೃತಿಗಳನ್ನು ಅಚ್ಚಿಗೆ ತಂದರು. ತಮ್ಮ ಧರ್ಮದಲ್ಲಿ ದೃಢವಾದ ನಿಷ್ಠೆಯಿದ್ದರೂ ಅನ್ಯರ ಭಕ್ತಿಸಾಹಿತ್ಯವನ್ನು ಅವರು ಕಡೆಗಣಿಸಲಿಲ್ಲ.

ಎಡೆಬಿಡದ ದುಡಿಮೆಯಿಂದ ಅವರ ಆರೋಗ್ಯ ಕುಸಿಯಿತು. 1852ರ ವೇಳೆಗೆ ತಾಯ್ನಾಡಿಗೆ ಮರಳುವ ವಿಚಾರ ಬಲಿಯಿತು. ಇನ್ನು ತಮ್ಮ ಕಾರ್ಯ ಮುಗಿಯಿತೆಂದು ತೋರುವಂತಹ ಆ ಸಮಯದಲ್ಲಿ ಸೋಮಯ್ಯನೆಂಬ ಕೊಡಗಿನ ಸಂನ್ಯಾಸಿಯು ಅವರನ್ನು ಅರಸಿ ಬಂದು, ಕ್ರೈಸ್ತ ದೀಕ್ಷೆಯನ್ನು ಬಯಸಿದನು. ಬಳಲಿದ್ದ ಮೊಗ್ಲಿಂಗರಿಗೆ ಅದು ದೇವರ ಕರೆಯಾಗಿ ಕೇಳಿಸಿತು. ಹಡಗನ್ನೇರಬೇಕಾಗಿದ್ದವರು ಘಟ್ಟವನ್ನೇರಿದರು. 1853ರಲ್ಲಿ ಕೊಡಗಿನಲ್ಲಿ ಅವರ ಕಾರ್ಯ ಮೊದಲಾಯಿತು.

ಅಲ್ಲಿ ಅವರು ಕಂಡದ್ದು ತಮ್ಮ ಸಂಕಟಕ್ಕಿಂತ ದೊಡ್ಡದಾದ ಸಂಕಟವನ್ನು. ಉಳುವ ಕೈಗಳಿದ್ದರೂ ಅಂಗೈಯಗಲ ನೆಲವಿಲ್ಲದ ದೀನರು ಜೀತದಲ್ಲಿ ನವೆಯುತ್ತಿದ್ದರು. ಅಂಥವರಿಗಾಗಿ ಮೊಗ್ಲಿಂಗರು ಒಂದು ನೆಲೆಯನ್ನು ನಿರ್ಮಿಸಿ, ಅದಕ್ಕೆ ಆನಂದಪುರವೆಂದು ಹೆಸರಿಟ್ಟರು. ಆನಂದವನ್ನೇ ಅರಿಯದವರ ಊರಿಗೆ ಆ ಹೆಸರು! ನಾಳೆಯ ಮೇಲಿನ ಭರವಸೆಯಿಲ್ಲದವರು ಅಂತಹ ಹೆಸರನ್ನಿಡಲಾರರು.

ಕಷ್ಟಗಳು ಅಲ್ಲಿಗೆ ನಿಲ್ಲಲಿಲ್ಲ. 1855ರಲ್ಲಿ ಅವರ ಆಪ್ತ ಮಿತ್ರರಾದ ವೈಗ್ಲೆ ತೀರಿಕೊಂಡರು. ಮಿತ್ರನ ವಿಧವೆಯನ್ನು ಮೊಗ್ಲಿಂಗರು ವಿವಾಹವಾಗಿ, ತಂದೆಯಿಲ್ಲದ ಮಕ್ಕಳಿಗೆ ಆಸರೆಯಾದರು. ಕನ್ನಡ ಸೇವೆಗಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ನೀಡಿತು. ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಅವರು ಜರ್ಮನಿಗೆ ಹಿಂದಿರುಗಬೇಕಾಯಿತು. ಮತ್ತೆ ಕನ್ನಡನಾಡನ್ನು ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. ಆದರೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ, ತಾವು ಪ್ರೀತಿಸಿದ ನುಡಿಯನ್ನು ಅಲ್ಲಿಯ ಜನರಿಗೆ ಪರಿಚಯಿಸಿದರು. 1881ರಲ್ಲಿ ಎಸ್‌ಲಿಂಗನ್ ನಗರದಲ್ಲಿ ನಿಧನಹೊಂದಿದರು.

ಮೊಗ್ಲಿಂಗರ ದೈವಶ್ರದ್ಧೆಯು ಅವರ ದುಃಖಗಳನ್ನು ನಿವಾರಿಸಲಿಲ್ಲ. ಅವುಗಳ ನಡುವೆಯೂ ಪರರ ಕಣ್ಣೀರನ್ನು ಕಾಣುವ ಕಣ್ಣನ್ನು ಕೊಟ್ಟಿತು. ನಿರಾಶೆಯ ಗಳಿಗೆಯಲ್ಲಿ ಇನ್ನೊಬ್ಬರ ಕರೆಗೆ ಓಗೊಟ್ಟುದರಿಂದಲೇ ಅವರ ಬಾಳು ಮರಳಿ ಚಿಗುರಿತು.