ಗಾದೆಗಳನ್ನು ಉಳಿಸಿದ ಸಂಪಾದಕ ಸಾಲ್ ಪ್ಲಾಟ್ಜೆ

ದಕ್ಷಿಣ ಆಫ್ರಿಕದ ಸೆಟ್ಸ್ವಾನಾ ಭಾಷೆಯ ಸೇವೆಗಾಗಿ ತಮ್ಮ ಆಯುಷ್ಯವನ್ನೇ ಸವೆಯಿಸಿದ ಸೊಲೊಮನ್ ಪ್ಲಾಟ್ಜೆಯವರು 1876ರ ಅಕ್ಟೋಬರ್ 9ರಂದು ಆರೆಂಜ್ ಫ್ರೀ ಸ್ಟೇಟ್ ಪ್ರಾಂತದಲ್ಲಿ ಜನಿಸಿದರು. ಪ್ನೀಲ್ ಎಂಬಲ್ಲಿಯ ಜರ್ಮನ್ ಪಾದ್ರಿಗಳ ಶಾಲೆಯಲ್ಲಿ ಅವರಿಗೆ ದೊರೆತ ವಿದ್ಯಾಭ್ಯಾಸವು ಪ್ರಾಥಮಿಕ ಮಟ್ಟವನ್ನು ದಾಟಲಿಲ್ಲ. 1894ರಲ್ಲಿ ಕಿಂಬರ್ಲಿಯ ಅಂಚೆಕಚೇರಿಯಲ್ಲಿ ತಂತಿ ಹಂಚುವ ಕೆಲಸಕ್ಕೆ ಸೇರಿ, ಸ್ವಪ್ರಯತ್ನದಿಂದ ವಿದ್ಯೆಯನ್ನು ಹೆಚ್ಚಿಸಿಕೊಂಡು, 1898ರಲ್ಲಿ ಮಾಫೆಕಿಂಗ್ ನ್ಯಾಯಾಲಯದ ದುಭಾಷಿಯಾದರು. ಒಂದು ಮಾತು ತಪ್ಪಾಗಿ ಅನುವಾದಗೊಂಡರೆ ನಿರಪರಾಧಿಯೂ ಸೆರೆಮನೆ ಸೇರಬಹುದೆಂಬುದನ್ನು ಅವರು ಅಲ್ಲಿ ಮನಗಂಡರು.

ಅನಂತರ ಸರಕಾರಿ ನೌಕರಿಯನ್ನು ತ್ಯಜಿಸಿ, ಸೆಟ್ಸ್ವಾನಾ ಹಾಗೂ ಇಂಗ್ಲಿಷ್ ಭಾಷೆಗಳಲ್ಲಿ ಹೊರಡುತ್ತಿದ್ದ ಕೊರಾಂಟಾ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ಓದುಗರು ಬಡವರು, ಸಾಲವು ಬೆಳೆಯಿತು, ಪತ್ರಿಕೆ ನಿಂತಿತು. ಆದರೂ ಎದೆಗುಂದದೆ 1910ರಲ್ಲಿ ಕಿಂಬರ್ಲಿಯಿಂದ ಮತ್ತೊಂದು ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೆಂದು ಹೆಸರಾದ ಸಂಸ್ಥೆಗೆ 1912ರಲ್ಲಿ ಪ್ರಥಮ ಕಾರ್ಯದರ್ಶಿಯೂ ಆದರು.

ಕರಿಯರ ಭೂಮಿಯ ಹಕ್ಕನ್ನು ಕಸಿದ 1913ರ ಕಾನೂನಿನ ವಿರುದ್ಧ ಮೊರೆಯಿಡಲು ಅವರು 1914ರಲ್ಲಿ ನಿಯೋಗದೊಡನೆ ಲಂಡನ್ನಿಗೆ ತೆರಳಿದರು. ಮೊರೆಯು ಫಲಿಸಲಿಲ್ಲ. ಆದರೆ ಆ ಪರದೇಶದಲ್ಲಿ, ಯುದ್ಧದ ದಿನಗಳಲ್ಲಿ, ಅವರು ಬಾಲ್ಯದಿಂದ ಕೇಳಿದ್ದ ಗಾದೆಗಳನ್ನು ಒಂದೊಂದಾಗಿ ಕಾಗದಕ್ಕಿಳಿಸಿದರು. ಹಿರಿಯರು ಗತಿಸಿದಂತೆ, ಕಿರಿಯರು ಪರಭಾಷೆಗೆ ಒಲಿದಂತೆ, ಆ ಸಂಪತ್ತು ಅಳಿಯುವುದೆಂಬ ಭಯ ಅವರಿಗಿತ್ತು. 732 ಗಾದೆಗಳ ಆ ಸಂಗ್ರಹವು 1916ರಲ್ಲಿ ಪ್ರಕಟವಾಯಿತು. ಅದೇ ವರ್ಷ ಧ್ವನಿಶಾಸ್ತ್ರಜ್ಞ ಡೇನಿಯಲ್ ಜೋನ್ಸರೊಡನೆ ಸೆಟ್ಸ್ವಾನಾದ ಉಚ್ಚಾರಣೆಯನ್ನು ನಿಖರವಾಗಿ ತೋರಿಸುವ ವಾಚಕವನ್ನೂ ಹೊರತಂದರು.

ತಾಯ್ನುಡಿಯು ಯಾವ ಭಾಷೆಗೂ ಕಡಮೆಯಲ್ಲವೆಂದು ತೋರಿಸಲು ಅವರು ಷೇಕ್ಸ್‌ಪಿಯರನ ನಾಟಕಗಳನ್ನು ಅನುವಾದಿಸಿದರು. ಕಾಮಿಡಿ ಆಫ್ ಎರರ್ಸ್ 1930ರಲ್ಲಿ ಅಚ್ಚಾಯಿತು. ಜೂಲಿಯಸ್ ಸೀಸರ್ ಅವರ ಮರಣಾನಂತರ, 1937ರಲ್ಲಿ ಹೊರಬಂದಿತು. ಪ್ರಕಾಶಕರು ದೊರೆಯದ ಕೆಲವು ಹಸ್ತಪ್ರತಿಗಳು ಕಳೆದೇಹೋದವು. ಆ ಭಾಷೆಯನ್ನಾಡುವವರನ್ನು ಕೇಳದೆ ಪರರು ಹೇರಹೊರಟ ಹೊಸ ಕಾಗುಣಿತವನ್ನೂ ಅವರು ಕೊನೆಯವರೆಗೆ ವಿರೋಧಿಸಿದರು.

1932ರ ಜೂನ್ 19ರಂದು, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ನ್ಯುಮೋನಿಯದಿಂದ ನಿಧನರಾದರು. ಬಿಟ್ಟುಹೋದ ಧನವೇನೂ ಹೆಚ್ಚಲ್ಲ. ಆದರೆ 1996ರ ದಕ್ಷಿಣ ಆಫ್ರಿಕದ ಸಂವಿಧಾನವು ಮಾನ್ಯಮಾಡಿದ ಅಧಿಕೃತ ಭಾಷೆಗಳಲ್ಲಿ ಸೆಟ್ಸ್ವಾನಾವೂ ಒಂದು. ಅವರು ಪರದೇಶದಲ್ಲಿ ಕುಳಿತು ನೆನೆದು ಬರೆದ ಗಾದೆಗಳು ಇಂದಿಗೂ ಓದುವವರ ಕೈಗೆ ದೊರೆಯುತ್ತವೆ.